ಬೆಚ್ಚಗಿನ ನೀರಿನ ಹಾಸಿಗೆ: 86 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದು ನಿಂತ ನನ್ನ ನಿದ್ದೆ

ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಚಾವಣಿ ನೋಡುತ್ತಾ ಮಲಗುವುದು ನಿಂತು ಮೂರು ಚಳಿಗಾಲ ಆಯ್ತು. "ಅದೆಲ್ಲ ಹಳೇ ಕಾಲದ ಹುಚ್ಚು, ದುಡ್ಡು ದಂಡ" ಎಂದು ಗೆಳೆಯರೆಲ್ಲ ಹೇಳಿದ್ದರು. ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಬಿಸಿ ಮಾಡಿದ ವಾಟರ್‌ಬೆಡ್‌ನಲ್ಲಿ, ಅಂದರೆ ಮರದ ಚೌಕಟ್ಟಿನೊಳಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲದ ಹಾಸಿಗೆಯಲ್ಲಿ, ನನಗೆ ನಿದ್ದೆ ಬಂತು.

ನಾನಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಜನವರಿಯಲ್ಲಿ ಮೈನಸ್ 20 ಸೆಲ್ಸಿಯಸ್ ಅಂದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಕೋಣೆ ಬಿಸಿ ಮಾಡಿದರೆ ಮೂಗು, ಗಂಟಲು ಒಣಗುತ್ತವೆ. ಕಡಿಮೆ ಮಾಡಿದರೆ ಹಾಸಿಗೆಯೇ ತಣ್ಣಗೆ. ಕಾಲು ಬೆಚ್ಚಗಾಗದೆ ನನಗೆ ನಿದ್ದೆ ಹತ್ತುವುದಿಲ್ಲ. ತೀರ್ಥಹಳ್ಳಿಯ ಮನೆಯಲ್ಲಾದರೆ ಬಚ್ಚಲ ಒಲೆ ಮುಂದೆ ಸ್ವಲ್ಪ ಹೊತ್ತು ಕೂತು ಬಂದು ಮಲಗುತ್ತಿದ್ದೆವು.

ಕ್ವೀನ್ ಸೈಜಿನ ಮರದ ಚೌಕಟ್ಟು ಗರಾಜ್ ಸೇಲ್‌ನಲ್ಲಿ (ಮನೆಯ ಹಳೇ ಸಾಮಾನನ್ನು ಮನೆ ಮುಂದೆಯೇ ಮಾರುವುದು) ಒಬ್ಬ ಅಜ್ಜನ ಹತ್ತಿರ 60 ಡಾಲರ್‌ಗೆ ಸಿಕ್ಕಿತು. ಅವರ ಕಾಲದಲ್ಲಿ ಬೀದಿಗೆ ನಾಲ್ಕು ಮನೆಯಲ್ಲಿ ಇತ್ತಂತೆ. ಸುಳ್ಳಲ್ಲ, 1987ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟವಾದ ಹಾಸಿಗೆಗಳಲ್ಲಿ ಐದಕ್ಕೊಂದು ನೀರಿನದೇ. ಇದರ ಈಗಿನ ರೂಪವನ್ನು 1968ರಲ್ಲಿ ಮಾಡಿದ ಚಾರ್ಲ್ಸ್ ಹಾಲ್ ಆಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿದ್ಯಾರ್ಥಿ. ಅವನೂ ಮೊದಲು ಮೆಕ್ಕೆಜೋಳದ ಪಿಷ್ಟದ ಅಂಟು, ಆಮೇಲೆ ಜೆಲ್ಲಿ ಎಲ್ಲ ತುಂಬಿಸಿ ನೋಡಿ ಕೊನೆಗೆ ನೀರಿಗೆ ಬಂದವನು. ನನ್ನ ಕೆಲಸ ಕೆಟ್ಟಾಗಲೆಲ್ಲ ಇದನ್ನು ನೆನೆಸಿಕೊಳ್ಳುತ್ತಿದ್ದೆ.

ಹೊಸ ವಿನೈಲ್ ಚೀಲ 90 ಡಾಲರ್, ಹೀಟರ್ ಸುಮಾರು 70. ಲೈನರ್ (ಸೋರಿದ ನೀರನ್ನು ಹಿಡಿದಿಡಲು ಚೀಲದ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ) ಮಾತ್ರ ಅಜ್ಜನದ್ದೇ ಇಟ್ಟುಕೊಂಡೆ. 30 ಡಾಲರ್ ಉಳಿಸಲು ಹೋದದ್ದು ಅಲ್ಲೇ ತಪ್ಪಾಯಿತು. ಎರಡನೇ ತಿಂಗಳು ಚೀಲದ ಬೆಸುಗೆಯಲ್ಲಿ ನೀರು ಜಿನುಗಿತು. ಲೈನರ್ ಮೂಲೆಯಲ್ಲಿ ಹರಿದಿದ್ದರಿಂದ ಅಷ್ಟೂ ಕಾರ್ಪೆಟ್‌ಗೆ ಇಳಿಯಿತು. ಕಾರ್ಪೆಟ್ ತೆಗೆಸಿ ಹಾಕಿಸಲು 240 ಡಾಲರ್. ಹಾಸಿಗೆ ಇದ್ದದ್ದು ಬೇಸ್‌ಮೆಂಟಿನ ಕಾಂಕ್ರೀಟ್ ನೆಲದ ಮೇಲೆ, ಅದೇ ಪುಣ್ಯ. ನೀರೇ 700 ಲೀಟರ್ ಹತ್ತಿರ, ಭಾರ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಅದಕ್ಕೂ ಮೊದಲು ಇನ್ನೊಂದು ಎಡವಟ್ಟು ಆಗಿತ್ತು. ಡಿಸೆಂಬರ್‌ನಲ್ಲಿ ನಲ್ಲಿಯ ತಣ್ಣೀರನ್ನೇ ತುಂಬಿಸಿದೆ. 300 ವ್ಯಾಟ್ ಹೀಟರ್‌ಗೆ ಅಷ್ಟು ನೀರು ಬಿಸಿಯಾಗಲು ಮೂರು ದಿನ ದಾಟುತ್ತದೆ. ನನಗೆ ತಡೆಯಲಾಗಲಿಲ್ಲ, ಎರಡನೇ ರಾತ್ರಿಯೇ ಮಲಗಿದೆವು. ತಣ್ಣಗಿನ ನೀರು ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ, ಎಷ್ಟು ಕಂಬಳಿ ಹೊದ್ದರೂ ಅಷ್ಟೇ. "ರೀ, ಕೆರೆ ಮೇಲೆ ಮಲಗಿದ ಹಾಗಿದೆ" ಎಂದು ನನ್ನವಳು ದಿಂಬು ಎತ್ತಿಕೊಂಡು ಮಹಡಿಗೆ ಹೋದಳು. ಈಗ ಅರ್ಧ ನೀರು ಗೀಸರ್‌ನಿಂದಲೇ ಬಿಡುತ್ತೇನೆ.

ಗಾಳಿ ತೆಗೆಯುವ ಕೆಲಸ ನನಗೆ ಇಷ್ಟ. ಪೊರಕೆಯ ಮರದ ಹಿಡಿಯನ್ನು ಅಡ್ಡ ಇಟ್ಟು, ಚಪಾತಿ ಲಟ್ಟಿಸಿದ ಹಾಗೆ ನಾಲ್ಕೂ ಕಡೆಯಿಂದ ಚೀಲದ ಬಾಯಿಯ ಕಡೆಗೆ ತಳ್ಳುತ್ತಾ ಬರಬೇಕು. ವಿನೈಲ್ ಕೆಳಗೆ ಗುಳ್ಳೆಗಳು ಒಂದಕ್ಕೊಂದು ಸೇರುತ್ತಾ ಬಂದು, ಬಾಯಿಯ ಹತ್ತಿರ ಗುಳುಕ್ ಎಂದು ಹೊರಗೆ ಬೀಳುತ್ತವೆ. ಆಮೇಲೆ ಹೊರಳಿದರೂ ಸದ್ದಿಲ್ಲ. ಎಷ್ಟು ನೀರು ತುಂಬಬೇಕು ಎಂಬುದಕ್ಕೆ ಚೌಕಟ್ಟಿನ ಮೇಲೆ ನನ್ನದೊಂದು ಗುರುತಿದೆ. ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಿಜವಾದ ಕಷ್ಟ ಶಾಖದ್ದು. ಜಾಸ್ತಿ ಬಿಸಿ ಇದ್ದಷ್ಟೂ ಒಳ್ಳೆಯದು ಎಂದುಕೊಂಡು 94 ಫ್ಯಾರನ್‌ಹೀಟ್‌ಗೆ ಇಟ್ಟೆ. ಮಲಗಿದ ಹತ್ತೇ ನಿಮಿಷಕ್ಕೆ ನಿದ್ದೆ, ಆದರೆ ರಾತ್ರಿ ಒಂದಕ್ಕೆ ಬೆವರಿ ಎಚ್ಚರ. ನಿದ್ದೆ ಹತ್ತಲು ಕೈಕಾಲು ಬೆಚ್ಚಗಿರಬೇಕು, ಆಮೇಲೆ ಮೈ ತಣಿಯಲು ಜಾಗ ಬಿಡಬೇಕು ಅಲ್ವಾ? ವಾರಕ್ಕೊಂದು ಡಿಗ್ರಿ ಇಳಿಸುತ್ತಾ ಬಂದೆ. ಡಯಲ್ ನಂಬಲಿಲ್ಲ. ಸೊಂಟ ಬರುವ ಜಾಗದಲ್ಲಿ ಹಾಸಿನ ಕೆಳಗೆ ಅಡುಗೆಮನೆಯ ಥರ್ಮಾಮೀಟರ್ ಇಟ್ಟು, ಎದ್ದ ಹೊತ್ತನ್ನೂ ಸೇರಿಸಿ ನೋಟ್‌ಬುಕ್‌ನಲ್ಲಿ ಬರೆದೆ. 90ರಲ್ಲಿ ಎರಡು ಸಲ ಎಚ್ಚರ. 88ರಲ್ಲಿ ಒಂದು ಸಲ. 86ರಲ್ಲಿ, ಅಂದರೆ 30 ಸೆಲ್ಸಿಯಸ್‌ನಲ್ಲಿ, ಬೆಳಿಗ್ಗೆ ಆರೂವರೆಗೇ ಕಣ್ಣು ಬಿಟ್ಟದ್ದು. ನನ್ನವಳೂ ಮಹಡಿಯಿಂದ ಇಳಿದು ಬಂದಳು.

ಕರೆಂಟಿಗೆ ಚಳಿಗಾಲದಲ್ಲಿ ತಿಂಗಳಿಗೆ 12–15 ಡಾಲರ್ ಆಗುತ್ತದೆ. ಹಗಲು ದಪ್ಪ ರಜಾಯಿ ಮುಚ್ಚಿಟ್ಟರೆ ಇನ್ನೂ ಕಡಿಮೆ. ಕೋಣೆಯ ಹೀಟಿಂಗ್ ಇಳಿಸಿದ್ದರಿಂದ ಗ್ಯಾಸ್ ಬಿಲ್ ಅದಕ್ಕಿಂತ ಜಾಸ್ತಿ ಉಳಿಯಿತು. ಒಮ್ಮೆ ಹಿಮಗಾಳಿಗೆ ಐದು ಗಂಟೆ ಕರೆಂಟ್ ಹೋಗಿತ್ತು. ಎರಡು ಡಿಗ್ರಿಯೂ ಇಳಿಯಲಿಲ್ಲ.

ಇನ್ನೊಂದು ಪ್ರಯೋಗ ಹೇಳಲೇಬೇಕು. ಇಲ್ಲಿ ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬುವುದೇ ಇಲ್ಲ. ಪಾತ್ರೆಗೆ ಟವೆಲ್ ಸುತ್ತಿ ಬೆಳಿಗ್ಗೆ ಹಾಸಿಗೆ ಮಧ್ಯೆ ಇಟ್ಟು ರಜಾಯಿ ಮುಚ್ಚಿದೆ. ಸಂಜೆಗೆ ಹಿಟ್ಟು ಮುಚ್ಚಳ ಎತ್ತಿತ್ತು! ಮೊಸರೂ ಹಾಗೇ, ಗಡ್ಡೆ ಗಡ್ಡೆ.

ಪುಟ್ಟ ಮಕ್ಕಳನ್ನು ಮಾತ್ರ ಇದರ ಮೇಲೆ ಮಲಗಿಸಲೇಬೇಡಿ, ಮೆತ್ತಗಿನ ಹಾಸಿನಲ್ಲಿ ಮುಖ ಹೂತು ಉಸಿರು ಕಟ್ಟಬಹುದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಡಾಕ್ಟರನ್ನು ಕೇಳಿಯೇ ಮಲಗಿ. ಅವರಿಗೆ ಬಿಸಿ ಹೆಚ್ಚಾದರೂ ಗೊತ್ತಾಗುವುದಿಲ್ಲ.

ಹೋದ ನವೆಂಬರ್‌ನಲ್ಲಿ ಅಮ್ಮ ಬಂದಿದ್ದಳು. ಮೊದಲ ರಾತ್ರಿ ಹಾಸಿಗೆ ತುದಿಯಲ್ಲಿ ಕೂತು, ಅಂಗೈ ಊರಿ ನೋಡಿದಳು. "ಬಚ್ಚಲ ಹಂಡೆಗೆ ಒರಗಿದ ಹಾಗಿದೆ ಕಣೋ ಮಾರಾಯ" ಎಂದಳು. ಮತ್ತೆ ಮಾತಿಲ್ಲ. ಐದು ನಿಮಿಷ ಬಿಟ್ಟು ಇಣುಕಿದರೆ ಸಣ್ಣಗೆ ಗೊರಕೆ. ಮಾರ್ಚ್‌ವರೆಗೆ ಆ ಹಾಸಿಗೆ ನಮಗೆ ಸಿಗಲಿಲ್ಲ. ಈಗ ಎರಡನೆಯದಕ್ಕೆ ಚೌಕಟ್ಟು ಹುಡುಕುತ್ತಿದ್ದೇನೆ. ಈ ಸಲ ಲೈನರ್ ಹೊಸದೇ.