ನೆರೆಹೊರೆಯವರು ಸೇರಿ ಒಂದೇ ಕವನ ಕಟ್ಟುವುದು ಹೇಗೆ?

ಒಂದೇ ಅಪಾರ್ಟ್‌ಮೆಂಟ್‌ನಲ್ಲಿ ಕನ್ನಡ, ತಮಿಳು, ಬಂಗಾಳಿ, ಒಡಿಯಾ ಮನೆಗಳಿರುತ್ತವೆ. ಲಿಫ್ಟ್‌ನಲ್ಲಿ ಸಿಕ್ಕಾಗ ಸುಮ್ನೆ ನಗುತ್ತೇವೆ, ಅಷ್ಟೇ ಅಲ್ವಾ? ಒಂದು ಭಾನುವಾರ ಸಂಜೆ ಎಲ್ಲರೂ ಸೇರಿ ಒಂದು ಕವನ ಬರೆದು ನೋಡಿ.

ಜಪಾನಿನಲ್ಲಿ ಇದಕ್ಕೆ ರೆಂಗಾ ಎನ್ನುತ್ತಾರೆ. ಒಬ್ಬರು ಮೂರು ಸಾಲು ಬರೆಯುತ್ತಾರೆ, ಇನ್ನೊಬ್ಬರು ಅದಕ್ಕೆ ಎರಡು ಸಾಲು ಪೋಣಿಸುತ್ತಾರೆ, ಮತ್ತೆ ಮೂರು, ಮತ್ತೆ ಎರಡು. 1969ರಲ್ಲಿ ಮೆಕ್ಸಿಕೊದ ಒಕ್ಟಾವಿಯೊ ಪಾಜ್ ಮತ್ತು ಇನ್ನು ಮೂವರು ಕವಿಗಳು ಪ್ಯಾರಿಸ್‌ನಲ್ಲಿ ಒಟ್ಟಿಗೆ ಕೂತು, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ಇಂಗ್ಲಿಷ್‌ನಲ್ಲಿ ಇಂಥದ್ದೊಂದು ಕವನ ಕಟ್ಟಿದ್ದರು. ಪ್ರತಿಯೊಬ್ಬರೂ ಬರೆದದ್ದು ತಮ್ಮ ತಮ್ಮ ಭಾಷೆಯಲ್ಲೇ.

ನಾಲ್ಕೈದು ಜನ ಸಾಕು. ಜಾಸ್ತಿಯಾದರೆ ಸರದಿ ಬರುವಷ್ಟರಲ್ಲಿ ಹುರುಪು ಇಳಿಯುತ್ತದೆ. ದೊಡ್ಡದೊಂದು ನೋಟ್‌ಬುಕ್ ಇರಲಿ.

ಮೊದಲ ಮೂರು ಸಾಲಿನಲ್ಲಿ ಈಗಿನ ಋತು ಕಾಣಬೇಕು. ಇದು ಜಪಾನಿನ ಹಳೆಯ ನಿಯಮ. ನೀವು ಹೀಗೆ ಶುರು ಮಾಡಿದಿರಿ ಅನ್ನಿ:

ಆಷಾಢದ ಗಾಳಿ
ತವರಿಗೆ ಹೋದವಳ ಸೀರೆ
ಇನ್ನೂ ತಂತಿಯ ಮೇಲೆ

ಈಗ ಪೆನ್ನು ಕೆಳಗಿಡಿ. ಮುಂದಿನವರು ಬರೆಯುವ ಮೊದಲು ಒಂದು ಪ್ರಶ್ನೆಯಾದರೂ ಕೇಳಲೇಬೇಕು. ಅವಳು ತವರಿಗೆ ಯಾಕೆ ಹೋದಳು? ಹೊಸ ಸೊಸೆ ಆಷಾಢದಲ್ಲಿ ಅತ್ತೆಮನೆಯಲ್ಲಿ ಇರಬಾರದು ಅನ್ನುವ ಪದ್ಧತಿಯನ್ನು ನೀವು ವಿವರಿಸುತ್ತೀರಿ. ಒಡಿಯಾದವರಿಗೆ ಆಷಾಢ ಅಂದರೆ ಪುರಿಯ ರಥಯಾತ್ರೆ. ಬಂಗಾಳಿಯವರಿಗೆ ಮಳೆಗಾಲದ ಮೊದಲ ತಿಂಗಳು. ತಮಿಳಿನವರು, ‘ನಮ್ಮಲ್ಲೂ ಆಡಿ ತಿಂಗಳಲ್ಲಿ ಹೊಸ ಸೊಸೆ ತವರಿಗೆ ಹೋಗ್ತಾಳೆ’ ಅನ್ನುತ್ತಾರೆ. ಈ ಮಾತು ಅರ್ಧ ಗಂಟೆ ನಡೆದರೂ ತಡೆಯಬೇಡಿ. ನನ್ನ ಮಟ್ಟಿಗೆ ಕವನಕ್ಕಿಂತ ಇದೇ ಮುಖ್ಯ.

ಆಮೇಲೆ ಮುಂದಿನ ಸರದಿಯವರು ಎರಡು ಸಾಲು ಬರೆಯಲಿ, ಅವರದೇ ಭಾಷೆ ಮತ್ತು ಲಿಪಿಯಲ್ಲಿ. ಕೆಳಗೆ ಎಲ್ಲರಿಗೂ ಗೊತ್ತಿರುವ ಭಾಷೆಯಲ್ಲಿ ಅರ್ಥ ಬರೆಯಿರಿ. ಹೊಸ ಸಾಲು ತನ್ನ ಹಿಂದಿನ ಪದ್ಯಕ್ಕೆ ಮಾತ್ರ ಅಂಟಿಕೊಳ್ಳಬೇಕು, ಅದರ ಹಿಂದಿನದಕ್ಕೆ ವಾಪಸ್ ಹೋಗಬಾರದು. ಹಾಗಾಗಿ ಸೀರೆಯಿಂದ ರಥದ ಹಗ್ಗಕ್ಕೆ, ಹಗ್ಗದಿಂದ ಬಾವಿಗೆ ಕವನ ಸಾಗುತ್ತದೆ. ಒಬ್ಬರ ಹಬ್ಬವೇ ಪುಟ ತುಂಬುವುದಿಲ್ಲ.

ಇನ್ನೊಬ್ಬರ ಸಾಲು ತಿದ್ದಬೇಡಿ. ಅರ್ಥವಾಗದಿದ್ದರೆ ಮತ್ತೆ ಕೇಳಿ.

17ನೇ ಶತಮಾನದ ಜಪಾನಿ ಕವಿ ಬಾಶೋ ಕಾಲದಲ್ಲಿ ಒಂದು ಕವನಕ್ಕೆ ಇಂಥ 36 ಪದ್ಯ ಕಟ್ಟುತ್ತಿದ್ದರು. ಒಂದು ಸಂಜೆಗೆ 12 ಸಾಕು.

ಕೊನೆಗೆ ಗಟ್ಟಿಯಾಗಿ ಓದಿ. ಆದರೆ ನಿಮ್ಮದನ್ನಲ್ಲ, ಪಕ್ಕದವರ ಸಾಲನ್ನು. ತಮಿಳಿನ ‘ಮೞೈ’ (ಮಳೆ) ಹೇಳಲು ನಾಲಿಗೆ ತಡವರಿಸುತ್ತದೆ. ಹಳಗನ್ನಡದಲ್ಲಿ ನಮಗೂ ಅದು ‘ಮೞೆ’ಯೇ ಆಗಿತ್ತು. ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸರಿಯಾಗಿ ಬರುವವರೆಗೂ ಹೇಳಿ.