ಕುಲುಮೆ ಆರಿದ ಊರಿಗೆ ಸರ್ಕಾರದ ದುಡ್ಡು ತರುವುದು ಹೇಗೆ?

ಗಣಿ ಮುಚ್ಚುತ್ತದೆ. ಉಕ್ಕಿನ ಕುಲುಮೆ ಆರುತ್ತದೆ. ಓದಿದ ಮಕ್ಕಳು ಬೇರೆ ಊರು ಹಿಡಿಯುತ್ತಾರೆ. ಅಂಗಡಿಗಳ ಶಟರ್ ಒಂದೊಂದಾಗಿ ಇಳಿಯುತ್ತದೆ, ಖಾಲಿ ಮನೆಗಳ ಗೋಡೆಗೆ ಬೂಸ್ಟು ಹತ್ತುತ್ತದೆ. ಇಂಥ ಬಡಾವಣೆ ಮತ್ತೆ ಚೇತರಿಸಿಕೊಳ್ಳಲು ಸರ್ಕಾರದ ದುಡ್ಡು ಬೇಕೇ ಬೇಕು. ಅದು ಬರುವ ದಾರಿ ಹೇಗಿರುತ್ತದೆ? ಜರ್ಮನಿಯ ರೂರ್ ಪ್ರದೇಶದಲ್ಲಿ ಇದನ್ನು ಹತ್ತಾರು ವರ್ಷಗಳಿಂದ ಮಾಡಿ ಮಾಡಿ ಪಳಗಿದ್ದಾರೆ. ಅವರ ಹಿಂದೆಯೇ ಹೋಗೋಣ.

ಮೊದಲು ನಕ್ಷೆಯ ಮೇಲೊಂದು ಗೆರೆ

ಜರ್ಮನಿಯಲ್ಲಿ ನಗರ ನವೀಕರಣಕ್ಕೆ ಕಾನೂನು ಬಂದಿದ್ದು 1971ರಲ್ಲಿ. ಹಿಂದುಳಿದ ಬಡಾವಣೆಗಳಿಗಾಗಿಯೇ ‘ಸಾಮಾಜಿಕ ನಗರ’ ಎಂಬ ಯೋಜನೆ ಶುರುವಾಗಿದ್ದು 1999ರಲ್ಲಿ. ಈ ದುಡ್ಡು ಇಡೀ ಊರಿಗೆ ಸಿಗುವುದಿಲ್ಲ. ನಗರಸಭೆ ಗೆರೆ ಎಳೆದು ಗುರುತಿಸಿದ ಜಾಗಕ್ಕೆ ಮಾತ್ರ.

ಅದಕ್ಕೂ ಮುಂಚೆ ಸಮೀಕ್ಷೆ ಆಗಬೇಕು. ಕೆಲಸವಿಲ್ಲದವರು ಎಷ್ಟು ಜನ, ಖಾಲಿ ಮನೆಗಳೆಷ್ಟು, ಶಾಲೆಯ ಸ್ಥಿತಿ ಹೇಗಿದೆ ಎಂದೆಲ್ಲ ಲೆಕ್ಕ ಬೇಕು. ಗೆರೆ ಎಳೆಯುವಾಗ ಎಲ್ಲ ಸದಸ್ಯರಿಗೂ ತಮ್ಮ ಬೀದಿ ಒಳಗೆ ಸೇರಲಿ ಎಂಬ ಆಸೆ ಇರುವುದು ಸಹಜ, ಅಲ್ವಾ? ಆದರೆ ಗೆರೆ ದೊಡ್ಡದಾದಷ್ಟೂ ದುಡ್ಡು ತೆಳ್ಳಗಾಗುತ್ತದೆ.

ಮಣ್ಣಿನ ಪರೀಕ್ಷೆಯನ್ನೂ ಈಗಲೇ ಮಾಡಿಸಿ. ಕಲ್ಲಿದ್ದಲನ್ನು ಗಾಳಿ ತಾಗದಂತೆ ಕಾಯಿಸಿ ಕೋಕ್ (ಕಬ್ಬಿಣದ ಕುಲುಮೆಯ ಇಂಧನ) ಮಾಡುತ್ತಿದ್ದ ಜಾಗದ ಅಡಿಯಲ್ಲಿ ಟಾರು, ಸೈನೈಡ್ ಉಳಿದಿರಬಹುದು. ಅಡಿಪಾಯ ತೋಡುವಾಗ ಅದು ಸಿಕ್ಕರೆ ಅಂದಾಜು ಪಟ್ಟಿಯೆಲ್ಲ ತಲೆಕೆಳಗು.

ಬಿಡಿ ಕೆಲಸಕ್ಕೆ ದುಡ್ಡಿಲ್ಲ

ಬರೀ ರಸ್ತೆ, ಬರೀ ಪಾರ್ಕ್ ಎಂದು ಅರ್ಜಿ ಹಾಕಿದರೆ ನಡೆಯುವುದಿಲ್ಲ. ಮನೆ, ಶಾಲೆ, ಕೆಲಸ, ಹಸಿರು ಎಲ್ಲವೂ ಒಂದಕ್ಕೊಂದು ಹೊಂದುವ ಸಮಗ್ರ ಯೋಜನೆ ಇರಬೇಕು. ಅದಿಲ್ಲದೆ ನೆರವು ಇಲ್ಲ. ಕಾಗದದ ಕೆಲಸ ಅನ್ನಿಸಬಹುದು, ಆದರೆ ನಿಜವಾದ ಕೆಲಸ ಇದೇ.

1989ರಿಂದ 1999ರವರೆಗೆ ಇದೇ ಪ್ರದೇಶದಲ್ಲಿ ‘ಎಮ್ಷರ್ ಪಾರ್ಕ್’ ಎಂಬ ದೊಡ್ಡ ಪ್ರಯತ್ನ ನಡೆಯಿತು. ಅದರ ಕೈಯಲ್ಲಿ ಹೇಳಿಕೊಳ್ಳುವಂಥ ಸ್ವಂತ ದುಡ್ಡಿರಲಿಲ್ಲ. ಬೇರೆ ಬೇರೆ ಇಲಾಖೆಗಳಲ್ಲಿ ಆಗಲೇ ಇದ್ದ ಅನುದಾನಗಳನ್ನು ಒಂದೇ ಕೆಲಸಕ್ಕೆ ಜೋಡಿಸಿತು, ಅಷ್ಟೆ. 1985ರಲ್ಲಿ ಮುಚ್ಚಿದ್ದ ಡ್ಯೂಸ್‌ಬರ್ಗ್‌ನ ಕಬ್ಬಿಣದ ಕಾರ್ಖಾನೆ ಹೀಗೆಯೇ ಪಾರ್ಕ್ ಆಯಿತು. ಅಲ್ಲಿನ ಹಳೆಯ ಗ್ಯಾಸ್ ಟ್ಯಾಂಕಿಗೆ ನೀರು ತುಂಬಿಸಿದ್ದಾರೆ, ಜನ ಅದರಲ್ಲಿ ಸ್ಕೂಬಾ ಡೈವಿಂಗ್ ಮಾಡುತ್ತಾರೆ. ಅದಿರು ತುಂಬಿಡುತ್ತಿದ್ದ ಕಾಂಕ್ರೀಟ್ ಗೋಡೆಗಳನ್ನು ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ. ಕೆಡವಿದ್ದರೆ ಅದಕ್ಕೂ ಖರ್ಚಾಗುತ್ತಿತ್ತು, ಇದ್ದದ್ದೂ ಹೋಗುತ್ತಿತ್ತು.

ಮೂರು ಪಾಲಿನ ಲೆಕ್ಕ

ಸಾಮಾನ್ಯ ನಿಯಮ ಸರಳ. ಕೇಂದ್ರದ್ದು ಒಂದು ಪಾಲು, ರಾಜ್ಯದ್ದು ಒಂದು, ನಗರಸಭೆಯದ್ದು ಒಂದು. 90 ಲಕ್ಷ ಯೂರೊ ಕೆಲಸ ಎಂದುಕೊಳ್ಳಿ, ಊರು ತನ್ನ ಕೈಯಿಂದ 30 ಲಕ್ಷ ಹಾಕಬೇಕು. 2020ರಿಂದ 2025ರವರೆಗೆ ಕೇಂದ್ರ ಈ ಬಾಬ್ತಿಗೆ ವರ್ಷಕ್ಕೆ 79 ಕೋಟಿ ಯೂರೊ ಇಟ್ಟಿತ್ತು.

ತೊಡಕು ಇರುವುದೇ ಇಲ್ಲಿ. ಕಾರ್ಖಾನೆ ಹೋದ ಊರಿನಲ್ಲಿ ತೆರಿಗೆಯೂ ಹೋಗಿರುತ್ತದೆ. ಯಾರಿಗೆ ದುಡ್ಡು ಜಾಸ್ತಿ ಬೇಕೋ ಅವರ ಹತ್ತಿರವೇ ತಮ್ಮ ಪಾಲು ಹಾಕಲು ಕಾಸಿಲ್ಲ. ಸಾಲದಲ್ಲಿ ಮುಳುಗಿದ ಊರುಗಳಿಗೆ ಸ್ವಂತ ಪಾಲನ್ನು ಕಡಿಮೆ ಮಾಡುವ ಅವಕಾಶ ಇದೆ. ಅದನ್ನು ಅರ್ಜಿಯಲ್ಲೇ ಕೇಳಿಕೊಳ್ಳಬೇಕು.

ಇನ್ನೊಂದು ಮಾತು, ಇದರಲ್ಲಿ ಎಡವಿದವರು ತುಂಬಾ ಜನ. ಮಂಜೂರಾತಿ ಪತ್ರ ಕೈಗೆ ಬರುವ ಮುಂಚೆ ಕೆಲಸ ಶುರು ಮಾಡಬೇಡಿ. ‘ಹೇಗೂ ಬರುತ್ತಲ್ಲ’ ಎಂದು ಗುತ್ತಿಗೆದಾರನ ಜೊತೆ ಕರಾರಿಗೆ ಸಹಿ ಹಾಕಿದರೂ ಸಾಕು, ಆ ಕೆಲಸಕ್ಕೆ ನೆರವು ತಪ್ಪಿ ಹೋಗಬಹುದು. ಮಂಜೂರಾದ ದುಡ್ಡೂ ಒಂದೇ ಸಲ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ.

ಬೀದಿಗೇ ಒಂದು ಕಚೇರಿ

ಬಡಾವಣೆಯೊಳಗೇ, ಸಾಮಾನ್ಯವಾಗಿ ಖಾಲಿ ಬಿದ್ದ ಅಂಗಡಿಯೊಂದರಲ್ಲಿ, ಸಣ್ಣ ಕಚೇರಿ ತೆರೆಯುತ್ತಾರೆ. ಜನ ಬಂದು ಅರ್ಜಿ ತುಂಬಿಸಿಕೊಳ್ಳಬಹುದು, ಜಗಳವನ್ನೂ ಆಡಬಹುದು. ಜೊತೆಗೊಂದು ಪುಟ್ಟ ನಿಧಿ ಇರುತ್ತದೆ. ಅದನ್ನು ಯಾವುದಕ್ಕೆ ಕೊಡಬೇಕು ಎಂದು ಅಲ್ಲಿನ ನಿವಾಸಿಗಳ ಸಮಿತಿಯೇ ತೀರ್ಮಾನಿಸುತ್ತದೆ. ಬೀದಿ ಹಬ್ಬ, ಹೂವಿನ ಪಾತಿ, ಮುದುಕರಿಗೆ ಕೂರಲು ಒಂದು ಬೆಂಚು. ದೊಡ್ಡ ಮೊತ್ತವೇನಲ್ಲ. ಆದರೆ ಆ ಬೆಂಚು ಎಲ್ಲಿರಬೇಕು ಎಂದು ಅರ್ಧ ಗಂಟೆ ವಾದ ಮಾಡಿದವರೇ ಮುಂದೆ ದೊಡ್ಡ ಯೋಜನೆಯ ಸಭೆಗೂ ಬರುತ್ತಾರೆ. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಅತಿ ಲಾಭದ ಖರ್ಚು ಇದು.

ಕೆಲಸ ಮುಗಿದ ಮೇಲೆ ಬಿಲ್ಲು, ರಸೀದಿ ಸಮೇತ ಲೆಕ್ಕ ಒಪ್ಪಿಸಬೇಕು. ಸಮುದಾಯ ಭವನಕ್ಕೆಂದು ಪಡೆದ ದುಡ್ಡಿನಲ್ಲಿ ಕಟ್ಟಿದ್ದು ನಿಗದಿಯಾದಷ್ಟು ವರ್ಷ ಸಮುದಾಯ ಭವನವಾಗಿಯೇ ಇರಬೇಕು. ಇಲ್ಲದಿದ್ದರೆ ದುಡ್ಡು ವಾಪಸ್.

ಕಟ್ಟಿದ ಮೇಲೆ?

ಜಾಗ ಸುಧಾರಿಸಿದರೆ ಬಾಡಿಗೆಯೂ ಏರುತ್ತದೆ. ಡಾರ್ಟ್‌ಮಂಡ್‌ನ ಹೋರ್ಡೆ ಕಾರ್ಮಿಕರ ಬಡಾವಣೆಯಾಗಿತ್ತು. ಅಲ್ಲಿನ ಉಕ್ಕಿನ ಕಾರ್ಖಾನೆ 2001ರಲ್ಲಿ ಮುಚ್ಚಿತು. ಚೀನಾದ ಕಂಪನಿಯೊಂದು ಅದನ್ನು ಕೊಂಡು, ಬಿಚ್ಚಿ, ಹಡಗಿಗೆ ತುಂಬಿಕೊಂಡು ಹೋಯಿತು. ಉಳಿದ ಜಾಗವನ್ನು ಅಗೆದು, 2010ರಿಂದ ನೀರು ತುಂಬಿ ಸುಮಾರು 24 ಹೆಕ್ಟೇರಿನ ಕೆರೆ ಮಾಡಿದರು. ನೋಡಲು ಚೆಂದ. ಆದರೆ ದಡದ ಮೇಲೆ ಎದ್ದ ಮನೆಗಳು ಹಳೆಯ ಕಾರ್ಮಿಕರ ಕೈಗೆಟುಕುವಂಥವಲ್ಲ.

ಇಂಗ್ಲೆಂಡ್ 1998ರಲ್ಲಿ ಶುರು ಮಾಡಿದ ಯೋಜನೆಯೊಂದರಲ್ಲಿ 39 ಬಡಾವಣೆಗಳಿಗೆ ತಲಾ ಸುಮಾರು 5 ಕೋಟಿ ಪೌಂಡ್ ಕೊಟ್ಟು 10 ವರ್ಷ ನಡೆಸಿದರು. ಕೊನೆಗೆ ಅಳೆದು ನೋಡಿದಾಗ ಜಾಗ ಸುಧಾರಿಸಿದಷ್ಟು ಜನರ ಓದು, ಕೆಲಸ ಸುಧಾರಿಸಿರಲಿಲ್ಲ. ಯೋಜನೆ ಬರೆಯುವಾಗಲೇ ತರಬೇತಿಗೆ, ಕೈಗೆಟುಕುವ ಬಾಡಿಗೆ ಮನೆಗೆ ಪಾಲು ತೆಗೆದಿಡಿ ಎನ್ನುವುದು ಇದಕ್ಕೇ.

ನಡೆಸುವ ಖರ್ಚನ್ನೂ ಅಲ್ಲೇ ಬರೆದಿಡಿ. ಕಟ್ಟಲು ದುಡ್ಡು ಸಿಗುತ್ತದೆ, ದೀಪದ ಬಿಲ್ಲಿಗೆ, ಕಸ ಗುಡಿಸುವವರ ಸಂಬಳಕ್ಕೆ ಸಿಗುವುದು ಕಷ್ಟ. ರೂರ್‌ನಲ್ಲಿ ಗಣಿ ಅಗೆದು ಅಗೆದು ನೆಲವೇ ಕುಸಿದಿದೆ. ಪಂಪುಗಳು ನಿಂತರೆ ಎಷ್ಟೋ ಬೀದಿಗಳು ಕೆರೆಯಾಗುತ್ತವೆ, ಹಾಗಾಗಿ ಅವು ಎಂದೆಂದಿಗೂ ಓಡುತ್ತಲೇ ಇರಬೇಕು. ಆ ಖರ್ಚಿಗೆಂದೇ 2007ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ್ದು ಅದಾಗಿ 11 ವರ್ಷದ ಮೇಲೆ, 2018ರ ಡಿಸೆಂಬರ್‌ನಲ್ಲಿ.