ಊರಿನ ಹಳೇ ಕಾಗದ ಹುಡುಕಬೇಕಾ? ಮೊದಲು ಇಸವಿ ಹಿಡಿಯಿರಿ

ಶಿರಸಿ, ಕುಮಟಾ ಕಡೆಯವರು ಮನೆತನದ ಹಳೇ ದಾಖಲೆ ಬೇಕು ಅಂದರೆ ಸೀದಾ ಬೆಂಗಳೂರಿಗೆ ಹೋಗುತ್ತಾರೆ. ನಾನೂ ಹೋಗಿದ್ದೆ. ಎರಡು ದಿನ ಸುಮ್ನೆ ಹಾಳಾಯಿತು.

ಯಾಕೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆ ಕೈಯಿಂದ ಕೈಗೆ ದಾಟಿದ್ದು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಾರವಾರದಿಂದ ಮಂಗಳೂರಿನ ಆಚೆವರೆಗೂ ಕೆನರಾ ಅಂತ ಒಂದೇ ಜಿಲ್ಲೆ, ಥಾಮಸ್ ಮನ್ರೋ ಮೊದಲ ಕಲೆಕ್ಟರ್, ಆಡಳಿತ ಮದ್ರಾಸಿನದು. ಆಮೇಲೆ ಅದು ಉತ್ತರ, ದಕ್ಷಿಣ ಅಂತ ಪಾಲಾಗಿ, 1862ರಲ್ಲಿ ನಮ್ಮ ಪಾಲು ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಕಾರಣ ಹತ್ತಿ. ಧಾರವಾಡದ ಹತ್ತಿ ಘಟ್ಟ ಇಳಿದು ಕಾರವಾರದಲ್ಲೇ ಹಡಗು ಹತ್ತಲಿ ಅಂತ ವ್ಯಾಪಾರಿಗಳು ಹಟ ಹಿಡಿದಿದ್ದರು. ಕುಂದಾಪುರ ಮಾತ್ರ ಮದ್ರಾಸಿನಲ್ಲೇ ಉಳಿಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು.

ಹಾಗಾಗಿ ಮೊದಲು ತಾಲೂಕು ಕಚೇರಿ, ಕಾರವಾರದ ಜಿಲ್ಲಾ ಕಚೇರಿಯಲ್ಲಿ ಕೇಳಿ. ಅಲ್ಲಿ ಸಿಗದಿದ್ದರೆ 1862ಕ್ಕಿಂತ ಹಿಂದಿನದಕ್ಕೆ ಚೆನ್ನೈ ಎಗ್ಮೋರಿನ ಪತ್ರಾಗಾರ, 1956ರವರೆಗಿನದಕ್ಕೆ ಮುಂಬೈಯದು, ಆಮೇಲಿನದಕ್ಕೆ ಬೆಂಗಳೂರು.

ಕಾಗದದಲ್ಲಿ ಇಸವಿಯೇ ಇಲ್ಲದಿದ್ದರೆ? ನಮ್ಮ ಮನೆಯ ತೋಟದ ಪತ್ರ ಹಾಗೇ ಇತ್ತು. ಮಡಿಕೆಯಲ್ಲಿ ಹರಿದು, ಇಸವಿ ಇದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಉಳಿದದ್ದು 'ವಿಕ್ರಮ ಸಂವತ್ಸರ', ಕೆಳಗೆ 'ಮಾಮಲೇದಾರ' ಅನ್ನುವ ಪದ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ ಅಲ್ವಾ, ಅಂದರೆ 1820, 1880 ಅಥವಾ 1940. ತಹಶೀಲ್ದಾರರನ್ನು ಮಾಮಲೇದಾರ ಅನ್ನುತ್ತಿದ್ದದ್ದು ಮುಂಬೈ ಕಡೆ, ಹಾಗಾಗಿ 1820 ಬಿಟ್ಟುಹೋಯಿತು. ಛಾಪಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ, ಮೇಲೆ ರಾಣಿಯ ಮುಖ. ವಿಕ್ಟೋರಿಯಾ. 1880! ಆ ಹೊತ್ತಿನ ಖುಷಿ ಇನ್ನೂ ಮರೆತಿಲ್ಲ.

ಹೆಸರುಗಳಲ್ಲೂ ಜಾಗ್ರತೆ ಬೇಕು. ಜೋಯಿಡಾದವರು ಸೂಪಾ ಅಂತ ಹುಡುಕಿ. ಆ ಹಳೇ ಸೂಪಾ ಊರು ಕಾಳಿ ಅಣೆಕಟ್ಟಿನ ನೀರಲ್ಲಿ ಮುಳುಗಿದೆ. ಭಟ್ಕಳದ್ದು ಜಾಸ್ತಿ ಹೊನ್ನಾವರದ ಕೆಳಗೇ ಸಿಗುತ್ತದೆ. ಹೊನ್ನಾವರವನ್ನೇ ಹಳಬರು 'ಓನೋರ್' ಅಂತ ಬರೆದಿದ್ದಾರೆ. 1883ರ ಮುಂಬೈ ಗೆಜೆಟಿಯರಿನ (ಸರ್ಕಾರ ಹೊರತಂದ ಜಿಲ್ಲಾವಾರು ಮಾಹಿತಿ ಪುಸ್ತಕ) 15ನೇ ಸಂಪುಟ ಪೂರ್ತಿ ನಮ್ಮ ಜಿಲ್ಲೆಯದೇ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇದೆ. ಊರುಗಳ ವಿವರ ಎರಡನೇ ಭಾಗದಲ್ಲಿದೆ, ಅಲ್ಲಿಂದಲೇ ಶುರು ಮಾಡಿ.

ಹರಿದ ಕಾಗದಕ್ಕೆ ದಯವಿಟ್ಟು ಟೇಪ್ ಹಚ್ಚಬೇಡಿ. ಹಿಂಬದಿಯ ಫೋಟೋವನ್ನೂ ತೆಗೆದುಕೊಳ್ಳಿ, ಛಾಪಾ ಕಾಗದ ಮಾರಿದವರ ಬರಹ, ತಾರೀಕು ಎಷ್ಟೋ ಸಲ ಅಲ್ಲೇ ಇರುತ್ತದೆ.